ಚಿಕಿತ್ಸೆ ಮುಗಿಯುವ ಮೊದಲೇ ಕ್ಲೇಮ್ ಮುಗಿಸುವ ಆತುರ: ದೂರು

ಇವರಿಗೆ,
ವ್ಯವಸ್ಥಾಪಕರು,
ಕ್ಲೇಮ್ ವಿಭಾಗ

ವಿಷಯ: ಅಪಘಾತದ ಗಾಯದ ಪರಿಹಾರಕ್ಕೆ ಅವಸರದಲ್ಲಿ ಸಹಿ ಹಾಕಿಸಿಕೊಳ್ಳಲು ನಿಮ್ಮ ಸಿಬ್ಬಂದಿ ಹೇರುತ್ತಿರುವ ಒತ್ತಡ

ಮಾನ್ಯರೇ,

ನಿಮ್ಮಲ್ಲಿ ವಿಮೆ ಮಾಡಿಸಿದ ಕಾರು ಹಿಂದಿನಿಂದ ನನ್ನ ಬೈಕಿಗೆ ಗುದ್ದಿ, ನನ್ನ ಬಲ ಮಂಡಿಯ ಚಿಪ್ಪು ಒಡೆದಿದೆ. ತಪ್ಪು ಕಾರಿನವರದೇ ಎಂದು ನಿಮ್ಮ ಅಧಿಕಾರಿ ಒಪ್ಪಿದ್ದಾರೆ. ನನ್ನ ತಕರಾರು ಆಮೇಲಿನ ನಡವಳಿಕೆಯದು.

ಪ್ಲಾಸ್ಟರ್ ಬಿಚ್ಚುವ ಮೊದಲೇ ಒಂದು ಮೊತ್ತ ನಮೂದಿಸಿ, ‘ಪೂರ್ಣ ಮತ್ತು ಅಂತಿಮ ಪರಿಹಾರ’ ಎಂದು ಅಚ್ಚಾದ ಕಾಗದ ಕಳಿಸಿದಿರಿ. ಬೇಗ ಸಹಿ ಹಾಕದಿದ್ದರೆ ಇಷ್ಟೂ ಸಿಗಲಿಕ್ಕಿಲ್ಲ ಎಂದು ಫೋನಿನಲ್ಲಿ ಹೆದರಿಸಿದ್ದೂ ಆಯಿತು. ಆ ಕಾಗದಕ್ಕೆ ಸಹಿ ಬಿದ್ದರೆ, ಮುಂದೆ ಕಾಲಿಗೆ ಇನ್ನೊಂದು ಆಪರೇಷನ್ ಬೇಕಾದರೂ ನಿಮ್ಮನ್ನು ಕೇಳುವ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ಈ ಮಾತನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದು ಕೆಳಗಿನ ಸಣ್ಣ ಅಕ್ಷರಗಳಲ್ಲಿತ್ತು.

ಗಾಯದ ಪರಿಹಾರವೆಂದರೆ ಆಸ್ಪತ್ರೆ ಬಿಲ್ಲುಗಳ ಮೊತ್ತವಷ್ಟೇ ಅಲ್ಲ. ಇದನ್ನು ನಿಮಗೇ ನಾನು ಹೇಳಬೇಕಾಗಿ ಬಂದದ್ದು ವಿಚಿತ್ರ. ಖೋತಾ ಆದ ಸಂಬಳ, ಮುಂದಿನ ಫಿಸಿಯೋಥೆರಪಿ, ಪಟ್ಟ ನೋವು, ಕಾಲು ಮೊದಲಿನಂತೆ ಮಡಚದೇ ಹೋದರೆ ದುಡಿಮೆಗೆ ಬೀಳುವ ಪೆಟ್ಟು ಎಲ್ಲವೂ ಲೆಕ್ಕಕ್ಕೆ ಬರಬೇಕು. ಚೇತರಿಕೆ ಒಂದು ಹಂತಕ್ಕೆ ಬಂದು ನಿಲ್ಲುವ ತನಕ ಎಷ್ಟು ಊನ ಉಳಿಯುತ್ತದೆಂದು ನನ್ನ ವೈದ್ಯರೇ ಹೇಳುತ್ತಿಲ್ಲ. ನಿಮ್ಮ ಕಚೇರಿಗೆ ಹೇಗೆ ಗೊತ್ತಾಯಿತೋ! ನೀವು ಕಳಿಸಿದ ಲೆಕ್ಕದಲ್ಲಿ ಬಿಲ್ಲುಗಳಾಚೆ ಒಂದೂ ಸಾಲಿಲ್ಲ.

ಹಳೆಯ ವೈದ್ಯಕೀಯ ದಾಖಲೆಗಳನ್ನೆಲ್ಲ ತರಿಸಿಕೊಳ್ಳಲು ಒಪ್ಪಿಗೆ ಪತ್ರವನ್ನೂ ಕೇಳಿದ್ದೀರಿ. ಈ ಮಂಡಿಗೆ ಹಿಂದೆ ಏಟಾಗಿತ್ತೇ ಎಂದು ನೋಡುವುದು ನ್ಯಾಯವೇ. ಅದಕ್ಕೆ ಸಂಬಂಧಿಸಿದ ದಾಖಲೆ ಕೊಡುತ್ತೇನೆ. ನನ್ನ ಹಲ್ಲು, ಹೊಟ್ಟೆಯ ಕಡತಗಳು ನಿಮಗೇಕೆ?

ವೈದ್ಯರ ಅಂತಿಮ ವರದಿ ಬರುವವರೆಗೆ ನಾನು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ಈಗಾಗಲೇ ಖರ್ಚಾದ ಹಣವನ್ನು ಅಂತಿಮ ಪರಿಹಾರಕ್ಕೆ ತಳುಕು ಹಾಕದೆ ಮಧ್ಯಂತರವಾಗಿ ಪಾವತಿಸಿ. ನಿಮ್ಮ ಮೊತ್ತವನ್ನು ಯಾವ ಆಧಾರದ ಮೇಲೆ ಲೆಕ್ಕ ಹಾಕಿದಿರೆಂದು ಬಾಬ್ತುವಾರು ಬರೆದು ತಿಳಿಸಿ. ಇನ್ನು ಮುಂದೆ ಫೋನು ಬೇಡ, ಪತ್ರದಲ್ಲೇ ವ್ಯವಹರಿಸಿ. ಮಾತುಕತೆ ನಡೆಯುತ್ತಿದೆ ಎಂದ ಮಾತ್ರಕ್ಕೆ ಕೋರ್ಟಿಗೆ ಹೋಗುವ ಕಾಲಮಿತಿ ನಿಲ್ಲುವುದಿಲ್ಲ ಎಂಬುದು ನನಗೆ ಗೊತ್ತಿದೆ, ಆದ್ದರಿಂದ ವಕೀಲರನ್ನೂ ನೋಡಿದ್ದೇನೆ. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಈ ಪತ್ರದ ಪ್ರತಿಯೊಂದಿಗೆ ವಿಮಾ ನಿಯಂತ್ರಕರಿಗೆ ದೂರು ಸಲ್ಲಿಸುತ್ತೇನೆ.

ಇಂತಿ,
ಕ್ಲೇಮುದಾರ

ಲಗತ್ತು: ಎಕ್ಸ್-ರೇ ವರದಿ, ಬಿಲ್ಲುಗಳು, ಸಂಬಳ ಕಡಿತದ ಪತ್ರ (ಎಲ್ಲವೂ ನಕಲು, ಮೂಲ ಪ್ರತಿಗಳು ನನ್ನ ಬಳಿಯೇ ಇರುತ್ತವೆ)