ಸರಪಳಿಯಿಂದ ಶುರು ಮಾಡು

ಚಿ. ಮಂಜುಗೆ ಸೋದರಮಾವನ ಆಶೀರ್ವಾದ. ಇತ್ತ ಎಲ್ಲರೂ ಕ್ಷೇಮ.

ಆಸ್ಟ್ರೇಲಿಯಾದಲ್ಲಿ ಸರ್ವೇಯರನಾಗಿದ್ದು ಕುರಿ ಒಡೆಯನಾದ ಹೆನ್ರಿ ಡ್ಯಾಂಗರ್ ಬಗ್ಗೆ ನೀನು ಕಳಿಸಿದ ಕರಡು ಓದಿದೆ. ‘ಕಾರ್ನಿಷ್ ಹುಡುಗ ಕುರಿ ಸಾಕಿ ದೊಡ್ಡವನಾದ’ ಎಂಬ ಮೊದಲ ಸಾಲು ಹೊಡೆದು ಹಾಕು. ಇಂಗ್ಲೆಂಡಿನ ಕಾರ್ನ್‌ವಾಲಿನ ಸೇಂಟ್ ನಿಯೋಟಿನಲ್ಲಿ 1796ರಲ್ಲಿ ಹುಟ್ಟಿದವನು 1821ರಲ್ಲಿ ಸಿಡ್ನಿಗೆ ಬಂದಾಗ ಮೊದಲು ಹಿಡಿದದ್ದು ಸರ್ವೆ ಇಲಾಖೆಯ ಕೆಲಸ. ಸರಪಳಿಯಿಂದ ಶುರು ಮಾಡು.

ಭೂಮಿ ಅಳೆಯುವ ಆ ಸರಪಳಿ 66 ಅಡಿ, 100 ಕೊಂಡಿ. ನಮ್ಮವರಿಗೆ ಗುಂಟೆಯಲ್ಲಿ ಹೇಳಿದರೆ ತಟ್ಟನೆ ತಿಳಿದೀತು: ಉದ್ದ ಅಗಲ 33 ಅಡಿಯ ನಮ್ಮ ಗುಂಟೆ ನಾಲ್ಕು ಸೇರಿದರೆ ಒಂದು ಚದರ ಸರಪಳಿ, ಅಂಥ ಹತ್ತಕ್ಕೆ ಒಂದು ಎಕರೆ. ಸಿಡ್ನಿಯ ಉತ್ತರಕ್ಕಿರುವ ಹಂಟರ್ ಕಣಿವೆ ಅಳೆದವನಿಗೆ ನೀರೆಲ್ಲಿ, ಹುಲ್ಲೆಲ್ಲಿ ಎಂಬುದು ಉಳಿದವರಿಗಿಂತ ಮೊದಲೇ ಗೊತ್ತು. ಹುದ್ದೆಯನ್ನು ಸ್ವಂತಕ್ಕೆ ಬಳಸಿಕೊಂಡ ಆರೋಪದಲ್ಲೇ ಕೆಲಸವೂ ಹೋಯಿತು. 1828ರಲ್ಲಿ ಲಂಡನ್ನಿನಲ್ಲಿ ಹಂಟರ್ ಸೀಮೆಯ ಕೈಪಿಡಿ ಅಚ್ಚು ಹಾಕಿಸಿದ, ಆಸ್ಟ್ರೇಲಿಯನ್ ಅಗ್ರಿಕಲ್ಚರಲ್ ಕಂಪನಿಯ ಸರ್ವೇಯರ್ ಆಗಿ ಮರಳಿದ, 1833ರಲ್ಲಿ ಅದನ್ನೂ ಬಿಟ್ಟು ಸಿಂಗಲ್ಟನ್ ಬಳಿಯ ನಿಯೋಟ್ಸ್‌ಫೀಲ್ಡಿನಲ್ಲಿ ನೆಲೆಯೂರಿದ. ಇಷ್ಟಕ್ಕೆ ಎರಡು ಪುಟ ಸಾಕು.

ಕುರಿಯ ಅಧ್ಯಾಯದಲ್ಲಿ ನೀನು ತಂತಿ ಬೇಲಿ ಹಾಕಿಬಿಟ್ಟಿದ್ದೀಯ. ತೆಗೆ, ಆಗಿನ್ನೂ ಅದು ಬಂದಿರಲಿಲ್ಲ. ಒಂದು ಗುಡಿಸಲಿಗೆ ಸಾಮಾನ್ಯವಾಗಿ ಮೂವರು. ಇಬ್ಬರು ಕುರಿಗಾಹಿಗಳು ತಲಾ ಒಂದು ಹಿಂಡು ಮೇಯಿಸಿ ತರಬೇಕು. ಸಂಜೆ ಎಣಿಸಿ ಮರದ ತಟ್ಟಿಗಳ ದೊಡ್ಡಿಗೆ ಕೂಡಿ, ರಾತ್ರಿ ಡಿಂಗೊ ಎಂಬ ಕಾಡುನಾಯಿ ನುಗ್ಗದಂತೆ ಕಾಯುವುದು ಮೂರನೆಯವನ ಪಾಲು. ತಟ್ಟಿಗಳನ್ನು ಆಗಾಗ ಬೇರೆ ಜಾಗಕ್ಕೆ ಸರಿಸದಿದ್ದರೆ ಹಿಕ್ಕೆ, ಗಂಜಲದ ಕೆಸರಿನಲ್ಲಿ ಗೊರಸು ಕೊಳೆಯುತ್ತದೆ. ಕಜ್ಜಿ ಇನ್ನೂ ಕೆಟ್ಟದ್ದು. ನುಸಿ ಹತ್ತಿದ ಕುರಿ ಮೈ ಉಜ್ಜಿ ಉಜ್ಜಿ ಉಣ್ಣೆ ಕಳೆದುಕೊಳ್ಳುತ್ತದೆ, ಒತ್ತಾಗಿ ಕೂಡಿದ ದೊಡ್ಡಿಯಲ್ಲಿ ಒಂದರಿಂದ ಇಡೀ ಹಿಂಡಿಗೆ ಹಬ್ಬುತ್ತದೆ. ತಂಬಾಕು, ಗಂಧಕದ ನೀರಿನಲ್ಲಿ ಮುಳುಗಿಸುವುದು ಅದಕ್ಕೆ ಆಗಿನ ಮದ್ದು. ಉಣ್ಣೆ ಕತ್ತರಿಸುವ ಮುನ್ನ ಹೊಳೆಯಲ್ಲಿ ಕುರಿಯ ಮೈ ತೊಳೆಯುತ್ತಿದ್ದುದನ್ನೂ ಸೇರಿಸು. ಮಣ್ಣು ಜಿಡ್ಡಿನ ತೂಕಕ್ಕೂ ಗಾಡಿ ಬಾಡಿಗೆ ಯಾರು ಕೊಡುತ್ತಾರೆ?

ಈ ಕೆಲಸ ಮಾಡಿದವರಲ್ಲಿ ಬಹಳ ಮಂದಿ ಬ್ರಿಟನ್ನಿನಿಂದ ಗಡೀಪಾರಾಗಿ ಬಂದ, ಸರ್ಕಾರ ಹಂಚಿಕೊಟ್ಟ ಕೈದಿಗಳು. ಊಟ, ಬಟ್ಟೆ ಕೊಟ್ಟರಾಯಿತು. ಮೇಲೆ, 1836ರಿಂದ ವಸಾಹತಿನ ಗಡಿಯಾಚೆ ಮೇಯಿಸಲು ಪರವಾನಗಿಗೆ ವರ್ಷಕ್ಕೆ 10 ಪೌಂಡ್. ಒಬ್ಬನ ಕೈಗೆ ಲಕ್ಷಗಟ್ಟಲೆ ಎಕರೆ ಹೇಗೆ ಬಂತು ಎಂದು ಕೇಳಿದ್ದೆಯಲ್ಲ, ಇಲ್ಲಿಂದ ನೋಡು. ಆದರೆ ಪರವಾನಗಿ ಕೊಟ್ಟ ನೆಲದಲ್ಲಿ ಜನ ಇದ್ದರು.

ಡ್ಯಾಂಗರನ ಮೇಯಿಸುವ ಠಾಣೆಯಿದ್ದ ಮೈಯಲ್ ಕ್ರೀಕಿನ ಹತ್ಯಾಕಾಂಡವನ್ನು ಅಡಿಟಿಪ್ಪಣಿಗೆ ತಳ್ಳಿದ್ದೀಯ. ಅದು ಮಾತ್ರ ಬೇಡ ಮಾರಾಯ. 1838ರ ಜೂನ್ 10ರಂದು ದನಗಾಹಿಗಳ ಗುಂಪು ಆ ಠಾಣೆಯಿಂದ ಮೂಲನಿವಾಸಿ ವಿರಾಯರಾಯ್ ಜನರನ್ನು ಹಗ್ಗ ಕಟ್ಟಿ ಎಳೆದೊಯ್ದು ಸುಮಾರು 28 ಮಂದಿಯನ್ನು ಕೊಂದಿತು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಡ್ಯಾಂಗರ್ ಅಲ್ಲಿರಲಿಲ್ಲ, ಅದನ್ನೂ ಸ್ಪಷ್ಟವಾಗಿ ಬರೆ. ಸುದ್ದಿ ಹೊರಗೆ ತಂದವನು ಅವನದೇ ಮೇಲ್ವಿಚಾರಕ ವಿಲಿಯಂ ಹಾಬ್ಸ್. ಎಳೆದೊಯ್ದದ್ದನ್ನು ಕಂಡು ಸಾಕ್ಷಿ ನುಡಿದವನು ಗುಡಿಸಲು ಕಾಯುತ್ತಿದ್ದ ಕೈದಿ ಜಾರ್ಜ್ ಆಂಡರ್ಸನ್. ಮೊದಲ ವಿಚಾರಣೆಯಲ್ಲಿ 11 ಆರೋಪಿಗಳೂ ಖುಲಾಸೆ. ಎರಡನೆಯದರಲ್ಲಿ 7 ಮಂದಿಗೆ ಶಿಕ್ಷೆಯಾಗಿ ಡಿಸೆಂಬರ್ 18ರಂದು ಗಲ್ಲು. ಡ್ಯಾಂಗರ್ ಆರೋಪಿಗಳ ಪರ ನಿಂತ, ಹಾಬ್ಸನನ್ನು ಕೆಲಸದಿಂದ ತೆಗೆದ.

ಇದನ್ನು ಪರವಾನಗಿಯ ಪ್ಯಾರಾದ ಬೆನ್ನಿಗೇ ಇಡು, ಬೇರೆ ಅಧ್ಯಾಯ ಮಾಡಬೇಡ. 1861ರ ಡ್ಯಾಂಗರನ ಸಾವಿನ ಭಾಗ ಈಗಿರುವಂತೆಯೇ ಇರಲಿ, ಚೆನ್ನಾಗಿದೆ. ತಿದ್ದಿದ ಪ್ರತಿ ಕಳಿಸು.

ಇತಿ,
ನಿನ್ನ ಮಾವ