ನರಾರಾ ಪ್ರವಾಸ: ಇನ್ನು ವಾರ ನೋಡಿ ಅಲ್ಲ, ತಿಥಿ ನೋಡಿ

ಪ್ರಿಯ ಸದಸ್ಯರೇ,

ಗುಜರಾತಿನ ಜಾಮ್‌ನಗರದ ಬಳಿಯ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ನಮ್ಮ ಸಹಕಾರ ಸಂಘ ನಡೆಸುವ ಪ್ರವಾಸದ ದಿನಗಳು ಈ ನವೆಂಬರಿನಿಂದ ಬದಲಾಗುತ್ತವೆ. ಶುಕ್ರವಾರ ಹೊರಟು ಸೋಮವಾರ ಮರಳುವ ಕ್ರಮ ಇನ್ನಿಲ್ಲ. ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಮೂರು ದಿನಗಳೊಳಗೆ ಆ ಉದ್ಯಾನದ ನರಾರಾ ಎಂಬ ತಾಣದ ನಡಿಗೆ ಬೀಳುವಂತೆ ಹೊರಡುತ್ತೇವೆ. ಅದು ವಾರದ ನಡುವೆ ಬಂದರೆ ಕೆಲಸಕ್ಕೆ ಹೋಗುವವರು ರಜೆ ಹಾಕಬೇಕಾದೀತು. ಆದರೂ ಬೇರೆ ದಾರಿಯಿಲ್ಲ.

ನರಾರಾದಲ್ಲಿ ನೀರಿಗೆ ಮುಳುಗುವುದಿಲ್ಲ, ದೋಣಿ ಹತ್ತುವುದಿಲ್ಲ. ಕಡಲು ಹಿಂದೆ ಸರಿದಾಗ ತೆರೆದುಕೊಳ್ಳುವ ಹವಳದ ದಿಬ್ಬದ ಮೇಲೆ ನಡೆದೇ ಹೋಗುವುದು. ಮಂಗಳೂರಿನ ಕಡೆ ಉಬ್ಬರ ಇಳಿತಗಳ ಅಂತರ ಒಂದೂವರೆ ಮೀಟರಿನ ಆಸುಪಾಸು. ನರಾರಾ ಇರುವ ಕಛ್ ಕೊಲ್ಲಿ ಲಾಳಿಕೆಯಂತೆ ಒಳಗೊಳಗೆ ಕಿರಿದಾಗುವುದರಿಂದ ಅಲ್ಲಿ ಅಂತರ ಇದರ ಎರಡು ಮೂರು ಪಟ್ಟು. ಆದರೆ ಅಷ್ಟಮಿಯ ಹೊತ್ತಿಗೆ ಇಳಿತ ದುರ್ಬಲ. ಅಂಥ ಶನಿವಾರ ಹೋದವರಿಗೆ ಸಿಗುವುದು ಕೆಸರು ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಷ್ಟೇ, ಹವಳ ನೀರಿನಡಿಯಲ್ಲೇ ಉಳಿದಿರುತ್ತದೆ.

ಇಳಿತದ ಗಳಿಗೆಯೂ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಜಾರುತ್ತದೆ. ಹಾಗಾಗಿ ಹೋಟೆಲಿನಿಂದ ಹೊರಡುವ ಸಮಯ ಪ್ರತಿ ತಂಡಕ್ಕೂ ಬೇರೆ. ಜಾಮ್‌ನಗರದಿಂದ ನರಾರಾ ಸುಮಾರು 60 ಕಿಲೋಮೀಟರು. ಇಳಿತ ತಳ ಮುಟ್ಟುವ ಎರಡು ಗಂಟೆ ಮೊದಲೇ ದಡದಲ್ಲಿದ್ದು, ಇಳಿಯುವ ನೀರಿನ ಹಿಂದೆಯೇ ನಡೆಯಬೇಕು. ತಳ ಮುಟ್ಟಿದ ಗಳಿಗೆಗೆ ಹಿಂದಿರುಗಲೇಬೇಕು. ಇನ್ನೊಂದು ಫೋಟೋ ಎಂದು ನಿಲ್ಲಬೇಡಿ. ಏರುವ ನೀರು ಎದುರಿನಿಂದಷ್ಟೇ ಬರುವುದಿಲ್ಲ, ನಿಮಗೂ ದಡಕ್ಕೂ ನಡುವಿನ ಕಾಲುವೆಗಳು ಮೊದಲು ತುಂಬಿಕೊಳ್ಳುತ್ತವೆ.

ಚಪ್ಪಲಿಗೆ ಇನ್ನು ಅವಕಾಶವಿಲ್ಲ. ಕೆಸರು ಅದನ್ನು ಎಳೆದುಕೊಳ್ಳುತ್ತದೆ, ಬರಿಗಾಲಿಗೆ ಕಲ್ಲಿಗಂಟಿದ ಚಿಪ್ಪು ಬ್ಲೇಡಿನಂತೆ ತಾಗುತ್ತದೆ. ಲೇಸು ಬಿಗಿಯುವ ಹಳೆಯ ಕ್ಯಾನ್ವಾಸ್ ಶೂ, ಉದ್ದ ಸಾಕ್ಸ್, ಟೋಪಿ, ತುಂಬುತೋಳಿನ ಅಂಗಿ, ಒಂದು ಲೀಟರ್ ನೀರು ಸಾಕು. ದಿಬ್ಬದ ಮೇಲೆ ನೆರಳೆಂಬುದೇ ಇಲ್ಲ.

ತಂಡ 24 ಜನರಿಂದ 12ಕ್ಕೆ ಇಳಿದಿದೆ, ಅದರಿಂದ ತಲಾ 1,200 ರೂಪಾಯಿ ಹೆಚ್ಚಾಗಿದೆ. ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಒಂದು ತಪ್ಪು ಹೆಜ್ಜೆ ಹತ್ತಾರು ವರ್ಷದ ಬೆಳವಣಿಗೆಯನ್ನು ಮುರಿಯಬಲ್ಲದು. ಆದ್ದರಿಂದ ಮಾರ್ಗದರ್ಶಿ ಕಾಲಿಟ್ಟಲ್ಲೇ, ಮರಳಿನ ಮೇಲೆ, ಸಾಲಾಗಿ ನಡೆಯಿರಿ. 24 ಜನರ ಸಾಲು ಹಾಗೆ ಉಳಿಯುವುದಿಲ್ಲ.

ಅಲ್ಲಿನ ಜೀವಿಗಳನ್ನು ಎತ್ತಿ ಕೈಗೆ ಕೊಡಿ ಎಂದು ಮಾರ್ಗದರ್ಶಿಯನ್ನು ಕೇಳಬೇಡಿ. ಪಫರ್ ಮೀನನ್ನು ಎತ್ತಿದರೆ ನೀರಿನ ಬದಲು ಗಾಳಿ ಕುಡಿದು ಚೆಂಡಿನಂತೆ ಉಬ್ಬುತ್ತದೆ. ಆ ಗಾಳಿಯನ್ನು ಹೊರಹಾಕಲಾಗದೆ ಸಾಯಲೂಬಹುದು. ಕಡಲ ಸೌತೆ ಬೆದರಿದರೆ ತನ್ನ ಕರುಳನ್ನೇ ಹೊರಚೆಲ್ಲುತ್ತದೆ. ಸುಮ್ಮನೆ ಕುಕ್ಕರಗಾಲಲ್ಲಿ ಕೂತು ನೀರು ನಿಂತ ಒಂದೇ ಗುಂಡಿಯನ್ನು ಐದು ನಿಮಿಷ ನೋಡಿ. ಕಲ್ಲಿನ ಸಂದಿಯ ಬಾಯಲ್ಲಿ ಖಾಲಿ ಚಿಪ್ಪುಗಳ ರಾಶಿಯಿದ್ದರೆ ಒಳಗೆ ಆಕ್ಟೋಪಸ್ ಇರಬಹುದು. ಬಂಡೆಯ ಬಣ್ಣವೇ ಅಲುಗಿದಂತೆ ಕಂಡರೆ ಅದೇ. ಸತ್ತ ಹವಳದ ಚೂರನ್ನೂ ಜೇಬಿಗೆ ಹಾಕುವಂತಿಲ್ಲ, ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಕಡಲಹಸುವಿನ (ಡುಗಾಂಗ್) ಚಿತ್ರವನ್ನು ನಮ್ಮ ಕರಪತ್ರದಿಂದ ತೆಗೆದಿದ್ದೇವೆ. ಕೊಲ್ಲಿಯ ಕಡಲಹುಲ್ಲಿನ ನಡುವೆ ಅವು ಬೆರಳೆಣಿಕೆಯಷ್ಟಿವೆ, ನಡಿಗೆಯಲ್ಲಿ ಕಾಣುವುದಿಲ್ಲ. ಕೆಸರುಬಯಲಲ್ಲಿ ಏಡಿ ಹಿಡಿಯುವ ಕಪ್ಪುಬಿಳುಪಿನ ಕ್ರ್ಯಾಬ್ ಪ್ಲವರ್ ಹಕ್ಕಿ ಚಳಿಗಾಲದಲ್ಲಿ ಕಾಣಸಿಗಬಹುದು. ಖಿಜಡಿಯಾ ಪಕ್ಷಿಧಾಮಕ್ಕೆ ಮರುದಿನ ಬೆಳಿಗ್ಗೆ ಹೋಗುತ್ತೇವೆ, ಎರಡನ್ನೂ ಒಂದೇ ದಿನಕ್ಕೆ ತುರುಕುವುದಿಲ್ಲ.

ಹಳೆಯ ದಿನಾಂಕಕ್ಕೆ ಹಣ ಕಟ್ಟಿದವರು ಹೊಸ ತಂಡಕ್ಕೆ ಸೇರಿದರೆ ಹೆಚ್ಚುವರಿ ಹಣ ಕೊಡಬೇಕಿಲ್ಲ. ಬೇಡವೆಂದರೆ ಅಕ್ಟೋಬರ್ 15ರೊಳಗೆ ಕಚೇರಿಗೆ ತಿಳಿಸಿ, ಕಡಿತವಿಲ್ಲದೆ ಪೂರ್ತಿ ಹಣ ವಾಪಸ್ ಬರುತ್ತದೆ. ಅರಣ್ಯ ಇಲಾಖೆಯ ಪರವಾನಗಿಗಾಗಿ ಗುರುತಿನ ಚೀಟಿಯ ಪ್ರತಿಯನ್ನು ಈಗಲೇ ಕೊಡಿ, ಮೂಲಪ್ರತಿ ಪ್ರವಾಸದಲ್ಲಿ ನಿಮ್ಮ ಬಳಿಯೇ ಇರಲಿ.

ಇಂತಿ,
ಪ್ರವಾಸ ಸಮಿತಿ