ಎರಡನೇ ಡೋಸಿನ ದಿನವೇ ತಪಾಸಣೆಯೂ ಆಗಲಿ

ಮಾನ್ಯ ಸಂಪಾದಕರೇ,

ಮಗುವಿನ ಮಾತು, ಒಡನಾಟದ ಬೆಳವಣಿಗೆ ಬೇರೆಯಾಗುವ ಆಟಿಸಂಗೆ ಕಾರಣವೇನೆಂಬ ಚರ್ಚೆ ಕಾಸರಗೋಡಿನ ಮನೆಗಳಿಗೂ ಬಂದಿದೆ. ಪೆಟ್ಟು ಬೀಳುತ್ತಿರುವುದು ದಡಾರ-ರುಬೆಲ್ಲಾ ಲಸಿಕೆಗೆ. ಒಂಬತ್ತು ತಿಂಗಳು ತುಂಬಿದಾಗ ಮೊದಲ ಡೋಸ್ ಹಾಕಿಸಿದವರೇ, 16ರಿಂದ 24 ತಿಂಗಳೊಳಗಿನ ಎರಡನೆಯದಕ್ಕೆ ಹಿಂಜರಿಯುತ್ತಾರೆ. ಮಗುವಿಗೆ ಮಾತು ಬಂದಿಲ್ಲ, ಆಡುತ್ತಿದ್ದ ಎರಡು ಮಾತೂ ನಿಂತಿತು ಎಂದು ಹೆತ್ತವರಿಗೆ ತಿಳಿಯುವುದೂ ಅದೇ ಪ್ರಾಯದಲ್ಲಿ. ಹಾಗಾಗಿ ಸೂಜಿಯ ಮೇಲೆ ಸಂಶಯ.

ಈ ಸಂಶಯ ಹುಟ್ಟಿಸಿದ ಬ್ರಿಟನ್ನಿನ ವೈದ್ಯ ವೇಕ್‌ಫೀಲ್ಡ್‌ನ 1998ರ ಲೇಖನದಲ್ಲಿದ್ದುದು ಬರೇ 12 ಮಕ್ಕಳು. ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವು ಲಸಿಕೆಯಿಂದ ಆಟಿಸಂ ಹೆಚ್ಚುವುದಿಲ್ಲವೆಂದು ತೋರಿಸಿತು. ನಮಗೆ ಹೆಚ್ಚು ನೋವಾಗುವುದು ಇನ್ನೊಂದು ಕಾರಣಕ್ಕೆ. ಬಸುರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ತಗಲಿದರೆ ಮಗುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ತೊಂದರೆಗಳ ಜೊತೆಗೆ ಆಟಿಸಂ ಬರುವ ಸಂಭವವೂ ಹೆಚ್ಚು. ಆಟಿಸಂನ ಒಂದು ಕಾರಣವನ್ನೇ ತಡೆಯುವ ಲಸಿಕೆಯನ್ನು ಆಟಿಸಂನ ಹೆದರಿಕೆಯಿಂದ ಬಿಡುತ್ತಿದ್ದೇವೆ!

ಎಂಡೋಸಲ್ಫಾನ್ ಕೀಟನಾಶಕದ ಮಾತು ಬೇರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದ್ದನ್ನು ಕಂಡ ನಮ್ಮ ಜಿಲ್ಲೆಯ ಎಣ್ಮಕಜೆಯವರು ಆಟಿಸಂಗೆ ಅದೂ ಕಾರಣವೇ ಎಂದು ಕೇಳುವುದು ನ್ಯಾಯವೇ. ಎಂಡೋಸಲ್ಫಾನ್, ಡೈಕೋಫಾಲ್ ಎಂಬ ಕೀಟನಾಶಕಗಳನ್ನು ಬಳಸಿದ ಹೊಲಗಳ ಪಕ್ಕದ ತಾಯಂದಿರ ಮಕ್ಕಳಲ್ಲಿ ಆಟಿಸಂ ಹೆಚ್ಚೆಂದು ಕ್ಯಾಲಿಫೋರ್ನಿಯಾದ 2007ರ ಅಧ್ಯಯನ ಹೇಳಿತ್ತು. ಆದರೆ ಅಲ್ಲಿ ತೀರ ಹತ್ತಿರವಿದ್ದ ತಾಯಂದಿರು 29 ಮಂದಿ ಮಾತ್ರ. ಅಷ್ಟರಿಂದ ತೀರ್ಮಾನಕ್ಕೆ ಬರಲಾಗದು, ತಳ್ಳಿಹಾಕಲೂ ಆಗದು.

ಆರೋಗ್ಯ ಇಲಾಖೆಯಲ್ಲಿ ನಮ್ಮ ಬೇಡಿಕೆ ಇಷ್ಟು: ಎರಡನೇ ಡೋಸಿಗೆ ಬಂದ ದಿನವೇ ಆಟಿಸಂನ ಲಕ್ಷಣ ಗುರುತಿಸುವ ಎಂ-ಚಾಟ್ ಪಟ್ಟಿಯ 20 ಪ್ರಶ್ನೆಗಳನ್ನು ತಾಯಿಗೆ ಕೇಳಿ. ಅದು 16ರಿಂದ 30 ತಿಂಗಳ ಮಕ್ಕಳಿಗೆಂದೇ ಇರುವ ಪಟ್ಟಿ. ಹತ್ತು ನಿಮಿಷ ಸಾಕು. ಮನೆಮಾತಿನಲ್ಲೇ ಕೇಳಬೇಕು, ಕನ್ನಡವೋ ತುಳುವೋ. ಯಾಕೆಂದರೆ ಬೆರಳು ತೋರಿಸುವ ಬಗ್ಗೆ ಅಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಎತ್ತರದಲ್ಲಿಟ್ಟ ಬಿಸ್ಕತ್ತು ಬೇಕೆಂದು ಬೆರಳು ತೋರಿಸುವುದು ಒಂದು. ಮಾಡಿನ ಮೇಲಿನ ಕಾಗೆಯನ್ನು ‘ನೀನೂ ನೋಡು’ ಎಂಬಂತೆ ತೋರಿಸುವುದು ಇನ್ನೊಂದು. ಸರಿಯಾಗಿ ತಿಳಿಯದ ಭಾಷೆಯಲ್ಲಿ ಕೇಳಿದರೆ ತಾಯಿ ಎರಡಕ್ಕೂ ‘ಹೌದು’ ಎನ್ನುತ್ತಾಳೆ, ಮಗು ತಪ್ಪಿಹೋಗುತ್ತದೆ. ಸಂಶಯ ಬಂದರೆ ಮೊದಲು ಕಿವಿ ಪರೀಕ್ಷೆಯಾಗಲಿ. ಮಗುವಿನ ಮಾತು, ಒಡನಾಟದ ತರಬೇತಿಗೆ ಆಟಿಸಂನ ಕಾರಣ ಗೊತ್ತಾಗಬೇಕೆಂದೇನಿಲ್ಲ, ಮರುವಾರವೇ ಶುರುಮಾಡಬಹುದು.

– ಶಿಶು ಆರೋಗ್ಯ ಕಾರ್ಯಕರ್ತೆಯರು, ಬದಿಯಡ್ಕ